ಹಲ್ಲಿನ ಕಲೆಯಿಂದ ಬಂಡೆಯವರೆಗೆ: ನನ್ನ ಅನುಭವ

ಪಾವಗಡ ಕಡೆಯ ಒಂದು ಊರಿನ ಶಾಲೆಗೆ ನಾನು ಮೊದಲು ಹೋದದ್ದು ನೀರಿನ ಸಮೀಕ್ಷೆಗೆ. ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟಿಗಳಿದ್ದವು. ಎಷ್ಟೋ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದರು.

ಮೇಷ್ಟ್ರು, "ಸರಿಯಾಗಿ ಉಜ್ಜಲ್ಲ ಸರ್" ಎಂದರು. ಒಬ್ಬ ಅಜ್ಜಿ, "ನಾವು ಬೇವಿನ ಕಡ್ಡೀಲಿ ಉಜ್ತಿದ್ವಿ ಕಣಪ್ಪ, ನಮ್ ಹಲ್ಲು ಹಿಂಗಾಗ್ಲಿಲ್ಲ. ಪೇಸ್ಟ್ ಬಂದ್ಮೇಲೆ ಎಲ್ಲಾ ಕೆಡ್ತು" ಎಂದರು. ನನ್ನ ಕೈಯಲ್ಲಿ ಲ್ಯಾಬ್ ವರದಿ ಇತ್ತು. ಮಳೆಗಾಲ ಮುಗಿದ ಹೊಸತರಲ್ಲಿ ತುಂಬಿಸಿದ್ದ ಒಂದೇ ಒಂದು ಬಾಟಲಿಯದು. ನೀರಿನಲ್ಲಿ ಕರಗಿರುವ, ಹೆಚ್ಚಾದರೆ ಹಲ್ಲಿಗೆ ಕಲೆ ತರುವ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯ ಒಳಗೇ ಇತ್ತು. 'ನೀರಿನಲ್ಲಿ ತೊಂದರೆ ಇಲ್ಲ' ಎಂದು ಬರೆದುಕೊಂಡು ಬಂದೆ. ಆ ಸಾಲು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಆ ದಿನಗಳಲ್ಲೇ ತತ್ವಜ್ಞಾನಿ ರಾಯ್ ಭಾಸ್ಕರ್ ಅವರ ವಿಚಾರಗಳನ್ನು ಓದುತ್ತಿದ್ದೆ. ಲಂಡನ್ನಿನಲ್ಲಿ ಹುಟ್ಟಿದವರು, ತಂದೆ ಭಾರತದವರು. 1975ರಲ್ಲಿ ಬಂದ ಅವರ ಮೊದಲ ಪುಸ್ತಕದಿಂದ ಬೆಳೆದ ಚಿಂತನೆಗೆ ಕ್ರಿಟಿಕಲ್ ರಿಯಲಿಸಂ ಎನ್ನುತ್ತಾರೆ. ಹೆಸರು ಭಾರ, ವಿಷಯ ಹತ್ತಿರದ್ದು. ವಾಸ್ತವಕ್ಕೆ ಮೂರು ಪದರ. ನಮ್ಮ ಅನುಭವಕ್ಕೆ ಬರುವುದು ಒಂದು. ನಾವು ನೋಡಲಿ ಬಿಡಲಿ, ನಡೆಯುತ್ತಲೇ ಇರುವುದು ಇನ್ನೊಂದು. ಅದನ್ನು ನಡೆಸುವ, ಕಣ್ಣಿಗೆ ಬೀಳದ ಶಕ್ತಿಗಳು ಆಳದಲ್ಲಿ. ನಮಗೆ ತಿಳಿದಷ್ಟೇ ಇರುವುದು ಎಂದುಕೊಳ್ಳುವುದು ದೊಡ್ಡ ತಪ್ಪು ಎನ್ನುತ್ತಾರೆ ಭಾಸ್ಕರ್. ನಾನು ಮಾಡಿದ್ದೂ ಅದನ್ನೇ ಅಲ್ವಾ? ಒಂದು ಬಾಟಲಿಯ ಲೆಕ್ಕವನ್ನೇ ಇಡೀ ಊರಿನ ನೀರು ಎಂದುಕೊಂಡಿದ್ದೆ.

ಬೇಸಿಗೆಯಲ್ಲಿ ಮತ್ತೆ ಹೋದೆ. ಈ ಸಲ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದ್ದೆ: ಕಂಡದ್ದು, ನಡೆದದ್ದು, ನಡೆಸಿದ್ದು. ಪ್ರಶ್ನೆಯೂ ಬದಲಾಗಿತ್ತು. 'ಹೀಗೆ ಕಾಣಬೇಕಾದರೆ ಅಡಿಯಲ್ಲಿ ಏನು ಇರಲೇಬೇಕು?'

ಉತ್ತರದ ದಾರಿ ತೋರಿಸಿದ್ದು ಒಂದೇ ಮನೆಯ ಅಣ್ಣ ತಮ್ಮ. ಇಬ್ಬರೂ ಒಂದೇ ಪೇಸ್ಟಿನಲ್ಲಿ ಉಜ್ಜುತ್ತಾರೆ, ಒಂದೇ ಕೊಡದ ನೀರು ಕುಡಿಯುತ್ತಾರೆ. ಅಣ್ಣನ ಹಲ್ಲು ಬೆಳ್ಳಗೆ, ತಮ್ಮನದು ಕಂದು. ಅವರಮ್ಮನ ಹತ್ತಿರ ಕೂತು ಮಾತಾಡಿದಾಗ ಗೊತ್ತಾಯಿತು, ಅಪ್ಪ ಅಮ್ಮ ಮೊದಲು ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಕೂಲಿ ಮಾಡುತ್ತಿದ್ದರು. ದೊಡ್ಡವನು ಒಂಬತ್ತು ವರ್ಷದವರೆಗೆ ಅಲ್ಲೇ ಬೆಳೆದವನು. ಹಲ್ಲಿನ ಮೇಲ್ಪದರ ಹೆಚ್ಚು ಕಡಿಮೆ ಎಂಟು ವರ್ಷದ ಒಳಗೆ ರೂಪುಗೊಳ್ಳುತ್ತದೆ. ಆಗ ಜಾಸ್ತಿ ಫ್ಲೋರೈಡ್ ಒಳಗೆ ಹೋದರೆ ಕಲೆ ಹಲ್ಲಿನ ಒಳಗೇ ಕೂರುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಆಮೇಲೆ ಎಷ್ಟು ಕುಡಿದರೂ ಹಲ್ಲಿಗೆ ಆ ಕಲೆ ಬರುವುದಿಲ್ಲ, ಆದರೆ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಹಿಡಿಯುತ್ತವೆ.

ಅಜ್ಜಿಯ ಮಾತು ಆಗ ಅರ್ಥವಾಯಿತು. ಅವರು ಕಂಡದ್ದು ಸರಿ, ಹೇಳಿದ ಕಾರಣ ಬೇರೆ. ಅವರು ಚಿಕ್ಕವರಿದ್ದಾಗ ಊರಿಗೆಲ್ಲ ತೆರೆದ ಬಾವಿಯ ನೀರು, ಈಗಿನಂತೆ ಆಳದ ಬೋರ್‌ವೆಲ್ಲಿನದಲ್ಲ. ನನಗೆ ತುಂಬ ಇಷ್ಟವಾದ ಪಾಠ ಇದು. ಎಲ್ಲರ ಮಾತೂ ಸಮವಲ್ಲ, ಯಾರ ಮಾತನ್ನೂ ಎಸೆಯುವಂತೆಯೂ ಇಲ್ಲ. ಇನ್ನೊಂದು ಮನೆಯ ಅಣ್ಣ ತಮ್ಮನ ಮೇಲೆ ಒರೆಹಚ್ಚಿ ನೋಡಬೇಕು, ಇನ್ನೊಂದು ಬೋರ್‌ವೆಲ್ಲಿನ ನೀರನ್ನು ಅಳೆದು ನೋಡಬೇಕು. ಬೇಸಿಗೆಯ ಬಾಟಲಿಗಳಲ್ಲಿ ಫ್ಲೋರೈಡ್ ಮಿತಿ ದಾಟಿತ್ತು.

ಮೂರನೇ ಕಾಲಂ ತುಂಬಲು ಜಾಸ್ತಿ ದಿನ ಹಿಡಿಯಿತು. ಗ್ರಾನೈಟ್ ಬಂಡೆಯ ಖನಿಜಗಳಲ್ಲಿ ಫ್ಲೋರೈಡ್ ಇದೆ. ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಅದು ಕರಗುತ್ತದೆ. ಬಂಡೆ ಅಜ್ಜಿಯ ಕಾಲದಲ್ಲೂ ಅಲ್ಲೇ ಇತ್ತು, ಅದರ ಗುಣವೂ ಇತ್ತು. ಆದರೆ ಆ ಆಳಕ್ಕೆ ಯಾರೂ ಕೊರೆದಿರಲಿಲ್ಲ. ಕೆರೆ ಬತ್ತಿತು, ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆಯಾಯಿತು, ಪಕ್ಕದವರ ಬೋರ್ ಆಳವಾದರೆ ನಮ್ಮದೂ ಆಳವಾಗಲೇಬೇಕು. ಕಲ್ಲಿನ ಗುಣದಷ್ಟೇ ಇವೂ ನಿಜವಾದ ಶಕ್ತಿಗಳು. ಯಾವ ಲ್ಯಾಬಿನ ಬಾಟಲಿಯಲ್ಲೂ ಇವು ಕಾಣುವುದಿಲ್ಲ.

ಈಗ ಆ ಊರಲ್ಲಿ ಶುದ್ಧ ನೀರಿನ ಘಟಕವಿದೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಾರೆ. ಹೋದ ವಾರ ಹೋಗಿದ್ದಾಗ ಒಂದು ಮನೆಯಲ್ಲಿ ಕುಡಿಯಲು ಕ್ಯಾನಿನ ನೀರು ಕೊಟ್ಟರು. ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಿದ್ದದ್ದು ಬೋರ್‌ವೆಲ್ ನೀರು. "ಕುದಿಸ್ತೀವಲ್ಲ, ಏನೂ ಆಗಲ್ಲ ಸರ್" ಎಂದರು ಆ ತಾಯಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಪಕ್ಕದಲ್ಲೇ ಕೂತು ಅವರಿಗೆ ವಿವರಿಸಿದೆ. ಬರುವಾಗ ಅಡುಗೆಮನೆಯ ಕೊಡದಿಂದಲೂ ಒಂದು ಬಾಟಲಿ ತುಂಬಿಸಿಕೊಂಡು ಬಂದಿದ್ದೇನೆ.