ಹಳೇ ಸೀರೆಯ ಕೌದಿಗೇ ಮೊದಲ ಬಹುಮಾನ

ಈ ಸಲ ನಮ್ಮ ತಾಲ್ಲೂಕಿನ ಕರಕುಶಲ ಸ್ಪರ್ಧೆಯಲ್ಲಿ ನನ್ನ ಕೌದಿಗೆ ಮೊದಲ ಬಹುಮಾನ ಬಂತು. ಅದೂ ಪೂರ್ತಿ ಹಳೇ ಸೀರೆಯ ಕೌದಿ. "ಹಳೇದನ್ನ ಯಾರು ನೋಡ್ತಾರೆ ಕಣೇ, ಹೊಸ ಬಟ್ಟೆ ತಗೋ" ಎಂದು ಅತ್ತಿಗೆ ಹೇಳುತ್ತಲೇ ಇದ್ದರು.

ಹೊಸ ಬಟ್ಟೆಯ ಕೌದಿಯನ್ನೂ ಹಿಂದೊಮ್ಮೆ ಸ್ಪರ್ಧೆಗೆ ಇಟ್ಟಿದ್ದೆ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಸುಮಾರು 2,000 ರೂಪಾಯಿಯ ಬಟ್ಟೆ ತಂದು ಮಷೀನಿನಲ್ಲಿ ಹೊಲಿದಿದ್ದೆ. ನೆಲಕ್ಕೆ ಹಾಸಿದರೆ ಚೆನ್ನಾಗಿಯೇ ಇತ್ತು. ತೂಗುಹಾಕಿದ ಕೂಡಲೇ ಅಂಚೆಲ್ಲ ಸೊಟ್ಟ ಸೊಟ್ಟ. ದುಡ್ಡು ನೀರುಪಾಲು. ಆದರೆ ಅವತ್ತು ತೀರ್ಪುಗಾರರ ಕೈಯನ್ನೇ ನೋಡುತ್ತ ನಿಂತಿದ್ದೆ. ಚಿತ್ತಾರ ನೋಡಿದ್ದು ಒಂದು ಗಳಿಗೆ. ಆಮೇಲೆ ಮೂಲೆ ಹಿಡಿದರು, ಅಂಚನ್ನು ಬೆರಳಲ್ಲಿ ಒತ್ತಿದರು, ಮಗುಚಿ ಹಿಂಬದಿಯ ಹೊಲಿಗೆ ನೋಡಿದರು. ಗಂಟು, ದಾರದ ತುದಿ, ಪೆನ್ಸಿಲ್ ಗೆರೆ ಕಂಡಲ್ಲೆಲ್ಲ ಅಂಕ ಹೋಯಿತು.

ಹಾಗಾಗಿ ಈ ಸಲ ಅಂಚಿನಿಂದಲೇ ಶುರು ಮಾಡಿದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಮೂಲೆ ಹಿಡಿದು ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರಲ್ವಾ, ಅದೇ ಕ್ರಮ. ಅಂಚು ಮೊದಲೇ ಮಡಚಿ ಕೂತುಬಿಡುತ್ತದೆ, ಬೇರೆ ಪಟ್ಟಿ ಬೇಡ. "ನಡುವೆ ಉಬ್ಬುತ್ತೆ" ಎಂದು ಎಲ್ಲರೂ ಹೆದರಿಸಿದರು. ಚೂರುಗಳನ್ನು ಮೊದಲೇ ಕತ್ತರಿಸಿಟ್ಟುಕೊಂಡರೆ ಉಬ್ಬುವುದು ನಿಜ. ನಾನು ಆಗಾಗ ನೆಲಕ್ಕೆ ಹಾಸಿ, ಅಡಿಬಟ್ಟೆ ಸರಿಮಾಡಿ, ಉಳಿದ ಜಾಗ ನೋಡಿಕೊಂಡು ಕತ್ತರಿಸುತ್ತಿದ್ದೆ. ಕೊನೆಯ ಒಂದು ಗೇಣು ಜಾಗವನ್ನು ಹೇಗೆ ಮುಚ್ಚಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ!

ಕೆಂಪು ಸೀರೆಯ ಬಗ್ಗೆ ಎಚ್ಚರ. ಒದ್ದೆ ಮಾಡಿದ ಬಿಳಿ ಪಂಚೆಯ ಚೂರಿನಿಂದ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಎಷ್ಟೇ ಚಂದ ಇದ್ದರೂ ಪಕ್ಕಕ್ಕಿಡಿ. ಒಮ್ಮೆ ಬಟ್ಟೆಗೆ ಅಕ್ಕಿ ಗಂಜಿ ಹಾಕಿ ಬಿಗಿ ಮಾಡುವ ಪ್ರಯೋಗವನ್ನೂ ಮಾಡಿದೆ. ಸೂಜಿ ಓಡಲೇ ಇಲ್ಲ, ಮೇಲಿಂದ ಜಿರಳೆ ಕಾಟ. ಅಂಟುವಾಳದ ನೀರಲ್ಲಿ ತೊಳೆದದ್ದು ಒಳ್ಳೆಯದಾಯಿತು, ಬಟ್ಟೆ ಮೆತ್ತಗಾಯಿತು.

ನಮ್ಮ ಮಲೆನಾಡಿನಲ್ಲಿ ಮಳೆಗಾಲದ ಕೆಲಸ ಸ್ಪರ್ಧೆಗೆ ಬೇಡ. ಬೂಷ್ಟು ಹಿಡಿಯುತ್ತದೆ. ಬಚ್ಚಲ ಒಲೆಯ ಮೇಲೆ ಒಣಗಿಸಿದರೆ ಹೊಗೆ ವಾಸನೆ ಹೋಗುವುದೇ ಇಲ್ಲ, ತೀರ್ಪುಗಾರರಿಗೆ ಹತ್ತಿರ ಬಂದ ಕೂಡಲೇ ಗೊತ್ತಾಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಹಿಡಿದರೆ ಮಳೆಗೆ ಮೊದಲು ಆರಾಮಾಗಿ ಮುಗಿಯುತ್ತದೆ.

ಖರ್ಚು ದಾರ, ಸೂಜಿ ಎಲ್ಲ ಸೇರಿ 300 ರೂಪಾಯಿ ಆಗಿರಬಹುದು. ಬಹುಮಾನ 3,000. ಅಲ್ಲೇ ಒಬ್ಬರು 4,500ಕ್ಕೆ ಕೇಳಿದರು, ಕೊಡಲಿಲ್ಲ. ಮುಂದಿನ ವರ್ಷ ಜಿಲ್ಲಾ ಮಟ್ಟದ ಸ್ಪರ್ಧೆಗೆ ಇದನ್ನೇ ಇಡುವ ಯೋಚನೆ ಇದೆ.