ಕನ್ನಡ ಪುಟ ಮೊಬೈಲಿನಲ್ಲಿ ಒಡೆಯದಂತೆ: 320 ಪಿಕ್ಸೆಲ್‌ನಿಂದ ಶುರು

ಲ್ಯಾಪ್‌ಟಾಪಿನಲ್ಲಿ ಚೆಂದವಾಗಿ ಪುಟ ಕಟ್ಟಿ, ಆಮೇಲೆ ಅದನ್ನು ಮೊಬೈಲಿಗೆ ಕುಗ್ಗಿಸಲು ಹೊರಟರೆ ಕೆಲಸ ಎರಡು ಪಟ್ಟಾಗುತ್ತದೆ. ನಾನು ಮಾಡುವುದು ಇದಕ್ಕೆ ತಿರುಗಾಮುರುಗಾ. ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆದು, ಕಂಟ್ರೋಲ್-ಶಿಫ್ಟ್-ಎಂ ಒತ್ತಿ, ಅಗಲದ ಚೌಕದಲ್ಲಿ 320 ಎಂದು ಹಾಕಿಕೊಂಡೇ ಮೊದಲ ಸಾಲು ಬರೆಯುತ್ತೇನೆ. ಅಷ್ಟು ಇಕ್ಕಟ್ಟಿನಲ್ಲಿ ಪುಟ ಪೂರ್ತಿ ಓದಲು ಬಂದರೆ, ಮುಂದೆ ಅಗಲ ಹೆಚ್ಚಿಸುತ್ತಾ ಹೋಗಿ ಎಲ್ಲಿ ಪುಟ ಬಿಕೋ ಎನ್ನುತ್ತದೋ ಅಲ್ಲಿ ಮಾತ್ರ ಕೈ ಹಾಕಿದರಾಯಿತು.

ಉದಾಹರಣೆಗೆ ಒಂದು ಖಾನಾವಳಿಯ ಒಂದೇ ಪುಟದ ಸೈಟ್ ಇಟ್ಟುಕೊಳ್ಳೋಣ: ಮೇಲೆ ಹೆಸರು, ಮೂರು ಲಿಂಕು, ಊಟದ ಫೋಟೋಗಳು, ದರಪಟ್ಟಿ, ವಿಳಾಸ, ಕರೆ ಮಾಡುವ ಬಟನ್, ಪಾರ್ಸೆಲ್‌ಗೆ ಒಂದು ಸಣ್ಣ ಫಾರ್ಮ್. ಕೋಡಿನ ಪದಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು ಎಂದು ಬೇರೆ ಹೇಳಬೇಕಿಲ್ಲ.

ಎಲ್ಲಕ್ಕಿಂತ ಮೊದಲು ಹೆಡ್ ಭಾಗದಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್: ‘ವಿಡ್ತ್’ಗೆ ‘ಡಿವೈಸ್-ವಿಡ್ತ್’, ‘ಇನಿಷಿಯಲ್-ಸ್ಕೇಲ್’ಗೆ 1. ಇದೊಂದು ಸಾಲು ಇಲ್ಲದಿದ್ದರೆ ಫೋನು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ಊಹಿಸಿಕೊಂಡು, ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತದೆ. ಬರೆದ ಮೀಡಿಯಾ ಕ್ವೆರಿ (ಪರದೆ ಇಷ್ಟು ಅಗಲವಿದ್ದರೆ ಹೀಗೆ ಮಾಡು ಎಂಬ ಷರತ್ತು) ಒಂದೂ ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ನೋಡಬೇಕಾದ ಜಾಗ ಇದೇ. ಅದೇ ಟ್ಯಾಗಿಗೆ ‘ಯೂಸರ್-ಸ್ಕೇಲಬಲ್ ನೋ’ ಎಂದು ಸೇರಿಸಬೇಡಿ. ಕಣ್ಣು ಮಂಜಾದವರು ಬೆರಳಿನಿಂದ ಹಿಗ್ಗಿಸಿ ಓದುವ ದಾರಿಯನ್ನು ಅದು ಮುಚ್ಚುತ್ತದೆ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ‘ಲ್ಯಾಂಗ್’ಗೆ ‘ಕೆಎನ್’ ಕೊಡಿ. ಓದಿ ಹೇಳುವ ತಂತ್ರಾಂಶಗಳಿಗೆ ಪುಟ ಕನ್ನಡದ್ದೆಂದು ತಿಳಿಯುವುದು ಅದರಿಂದ.

ಇಲ್ಲಿ ಪಿಕ್ಸೆಲ್ ಎಂದರೆ ಫೋನಿನ ಡಬ್ಬಿಯ ಮೇಲೆ ಅಚ್ಚಾದ ಸಂಖ್ಯೆಯಲ್ಲ. 1080 ಪಿಕ್ಸೆಲ್ ಅಗಲದ ಪರದೆಯಲ್ಲಿ ಪಿಕ್ಸೆಲ್ ಅನುಪಾತ 3 ಇದ್ದರೆ, ಅಂದರೆ ಪರದೆಯ ಮೂರು ಪಿಕ್ಸೆಲ್ ಸೇರಿ ಒಂದಾದರೆ, ಪುಟದ ರೂಪ ಬರೆಯುವ ಭಾಷೆಯಾದ ಸಿಎಸ್‌ಎಸ್‌ಗೆ ಸಿಗುವುದು 360 ಮಾತ್ರ.

ಹೀಗೆ ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ಪುಟಕ್ಕೆ ರೆಸ್ಪಾನ್ಸಿವ್ ಎಂಬ ಹೆಸರು ಬಂದದ್ದು 2010ರ ಮೇ ತಿಂಗಳಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ ಬರೆದ ಲೇಖನದಿಂದ. ಅವರು ಹೇಳಿದ್ದು ಮೂರು ಸಂಗತಿ: ಹಿಗ್ಗಿ ಕುಗ್ಗುವ ಗ್ರಿಡ್, ಅದರಂತೆ ಬಾಗುವ ಚಿತ್ರ, ಮೀಡಿಯಾ ಕ್ವೆರಿ. ಹೊಸಬರು ಮೂರನೆಯದನ್ನೇ ಹಿಡಿದುಕೊಂಡು ಫೋನಿಗೊಂದು, ಟ್ಯಾಬಿಗೊಂದು, ಲ್ಯಾಪ್‌ಟಾಪಿಗೊಂದು ಎಂದು ಪುಟ ಬರೆಯುತ್ತಾರೆ. ಈಗಿನ ಸಿಎಸ್‌ಎಸ್‌ನಲ್ಲಿ ಅದರ ಅಗತ್ಯ ತೀರಾ ಕಡಿಮೆ. ನಮ್ಮ ಖಾನಾವಳಿ ಪುಟಕ್ಕೆ ಒಂದೇ ಒಂದು ಮೀಡಿಯಾ ಕ್ವೆರಿ ಸಾಕು.

ಫೋಟೋಗಳ ಸಾಲನ್ನೇ ನೋಡಿ. ಡಿಸ್‌ಪ್ಲೇ ಗ್ರಿಡ್, ಗ್ಯಾಪ್ 1 ರೆಮ್ (ಬ್ರೌಸರಿನ ಮೂಲ ಅಕ್ಷರ ಗಾತ್ರ, ಮಾಮೂಲಿಯಾಗಿ 16 ಪಿಕ್ಸೆಲ್), ಕಾಲಮ್‌ಗಳಿಗೆ ‘ರಿಪೀಟ್’ ಒಳಗೆ ‘ಆಟೋ-ಫಿಟ್’, ಅದರ ಜೊತೆ ‘ಮಿನ್‌ಮ್ಯಾಕ್ಸ್’: ಕನಿಷ್ಠಕ್ಕೆ ‘ಮಿನ್’ ಒಳಗೆ 100% ಮತ್ತು 16 ರೆಮ್, ಗರಿಷ್ಠಕ್ಕೆ 1 ಎಫ್‌ಆರ್ (ಉಳಿದ ಜಾಗದ ಒಂದು ಪಾಲು). 16 ರೆಮ್ ಎಂದರೆ ಮಾಮೂಲಿ ಬ್ರೌಸರಿನಲ್ಲಿ 256 ಪಿಕ್ಸೆಲ್. 360ರ ಫೋನಿನಲ್ಲಿ ಎರಡೂ ಬದಿ 16 ಬಿಟ್ಟರೆ ಉಳಿಯುವುದು 328. ಒಂದೇ ಫೋಟೋ ಹಿಡಿಸುತ್ತದೆ. 640 ಅಗಲದಲ್ಲಿ ಎರಡು, 1024ರಲ್ಲಿ ಮೂರು. ಲೆಕ್ಕ ಬ್ರೌಸರಿನದು, ನಮ್ಮದಲ್ಲ. ಆ ‘ಮಿನ್’ ಯಾಕೆ ಎಂದರೆ, ಯಾರಾದರೂ ಬ್ರೌಸರಿನಲ್ಲಿ ಅಕ್ಷರದ ಗಾತ್ರವನ್ನು 24 ಪಿಕ್ಸೆಲ್‌ಗೆ ಏರಿಸಿಕೊಂಡಿದ್ದರೆ 16 ರೆಮ್ 384 ಆಗುತ್ತದೆ. 360ರ ಪರದೆಯಿಂದ ಫೋಟೋ ಆಚೆ ಚಾಚುತ್ತದೆ. 100% ಎಂಬ ಮಿತಿ ಅದನ್ನು ಒಳಗೇ ಹಿಡಿದಿಡುತ್ತದೆ.

ಫೋಟೋಗಳಿಗೆ ‘ಮ್ಯಾಕ್ಸ್-ವಿಡ್ತ್ 100%’ ಎಲ್ಲರೂ ಹಾಕುತ್ತಾರೆ, ‘ಹೈಟ್ ಆಟೋ’ ಮರೆಯುತ್ತಾರೆ. ಟ್ಯಾಗಿನಲ್ಲಿ ವಿಡ್ತ್ 1200, ಹೈಟ್ 800 ಎಂದು ಬರೆದಿದ್ದರೆ (ಬರೆಯಲೇಬೇಕು, ಇಲ್ಲವಾದರೆ ಫೋಟೋ ಇಳಿಯುವ ತನಕ ಜಾಗವೇ ಇರದೆ, ಇಳಿದಾಗ ಪಠ್ಯ ಧಡಕ್ಕನೆ ಕೆಳಗೆ ಜಿಗಿಯುತ್ತದೆ) ಅಗಲ 328ಕ್ಕೆ ಕುಗ್ಗಿದರೂ ಎತ್ತರ 800ರಲ್ಲೇ ನಿಲ್ಲುತ್ತದೆ. ದುಂಡನೆಯ ಜೋಳದ ರೊಟ್ಟಿ ಸೋರೆಕಾಯಿಯಾಗಿ ಕಂಡರೆ ಕಾರಣ ಇದೇ. ಒಂದೇ ಫೋಟೋವನ್ನು 480, 800, 1200 ಅಗಲದಲ್ಲಿ ಉಳಿಸಿ ‘ಎಸ್‌ಆರ್‌ಸಿಸೆಟ್’ನಲ್ಲಿ ಕೊಡಿ (ತಕ್ಕದ್ದನ್ನು ಬ್ರೌಸರೇ ಆರಿಸಿಕೊಳ್ಳುತ್ತದೆ), ಪುಟದಲ್ಲಿ ಅದು ಎಷ್ಟು ಅಗಲ ಕಾಣುತ್ತದೆ ಎಂಬುದನ್ನು ‘ಸೈಜಸ್’ನಲ್ಲಿ ಹೇಳಿ. ಸೈಜಸ್ ಬಿಟ್ಟರೆ ಬ್ರೌಸರು ಪರದೆಯ ಪೂರ್ತಿ ಅಗಲ ಎಂದೇ ಭಾವಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಮೂರನೇ ಒಂದು ಪಾಲು ಜಾಗದ ಚಿತ್ರಕ್ಕೂ ದೊಡ್ಡ ಫೈಲೇ ಇಳಿಯುತ್ತದೆ.

ಇಷ್ಟು ಯಾವ ಭಾಷೆಯ ಪುಟಕ್ಕೂ ಒಂದೇ. ಕನ್ನಡ ಪುಟ ನಿಜವಾಗಿ ಒಡೆಯುವುದು ಪದಗಳಲ್ಲಿ. ನಮ್ಮ ಪದಕ್ಕೆ ವಿಭಕ್ತಿ, ಕ್ರಿಯಾಪದಕ್ಕೆ ಬಾಲದ ಮೇಲೆ ಬಾಲ. ‘ಒದಗಿಸಲಾಗುವುದಿಲ್ಲವಾದ್ದರಿಂದ’ ಎಂಬುದು ಒಂದೇ ಪದ, ನಡುವೆ ಸಾಲು ಮುರಿಯಲು ಜಾಗವಿಲ್ಲ. 32 ಪಿಕ್ಸೆಲ್‌ನ ಶೀರ್ಷಿಕೆಯಲ್ಲಿ ಅದು 320ರ ಪರದೆಯನ್ನು ದಾಟುತ್ತದೆ, ಇಡೀ ಪುಟ ಅಡ್ಡಡ್ಡ ಜಾರಲು ಶುರುವಾಗುತ್ತದೆ. ಇಂಗ್ಲಿಷ್ ಟೆಂಪ್ಲೇಟಿಗೆ ಕನ್ನಡ ತುಂಬಿದಾಗ ಮೊದಲು ಕಾಣುವ ರೋಗ ಇದು.

ಮದ್ದು ಮೂರು ಹಂತದ್ದು. ಮೊದಲನೆಯದು ಶೀರ್ಷಿಕೆಯ ಗಾತ್ರವನ್ನು ‘ಕ್ಲ್ಯಾಂಪ್’ನಲ್ಲಿ ಕೊಡುವುದು: ಕನಿಷ್ಠ 1.5 ರೆಮ್, ನಡುವೆ 1.1 ರೆಮ್ ಕೂಡಿಸು 2 ವಿಡಬ್ಲ್ಯೂ (ಒಂದು ವಿಡಬ್ಲ್ಯೂ ಎಂದರೆ ಪರದೆಯ ಅಗಲದ ನೂರರಲ್ಲೊಂದು ಪಾಲು), ಗರಿಷ್ಠ 2.5 ರೆಮ್. ನಡುವಿನದಕ್ಕೆ ಬರೀ ವಿಡಬ್ಲ್ಯೂ ಕೊಟ್ಟರೆ ಝೂಮ್ ಮಾಡಿದರೂ ಅಕ್ಷರ ಬೆಳೆಯುವುದಿಲ್ಲ, ಅದಕ್ಕೇ ರೆಮ್ ಬೆರೆಸುವುದು. ಎರಡನೆಯದು ‘ಬಾಡಿ’ ಟ್ಯಾಗಿಗೆ ‘ಓವರ್‌ಫ್ಲೋ-ರ‍್ಯಾಪ್ ಬ್ರೇಕ್-ವರ್ಡ್’, ಗ್ರಿಡ್ ಮತ್ತು ಫ್ಲೆಕ್ಸ್ ಮಕ್ಕಳಿಗೆ (ಅವುಗಳ ನೇರ ಒಳಗಿರುವ ಎಲಿಮೆಂಟುಗಳಿಗೆ) ‘ಮಿನ್-ವಿಡ್ತ್ 0’. ಈ ಎರಡನೆಯ ಅರ್ಧವನ್ನು ಬಿಟ್ಟರೆ ಮೊದಲರ್ಧ ಗ್ರಿಡ್ ಒಳಗೆ ಕೆಲಸ ಮಾಡದು: ಗ್ರಿಡ್‌ನ ಮಗು ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ತಾನಾಗಿ ಒಪ್ಪುವುದಿಲ್ಲ. ಮೂರನೆಯದು ಗೊತ್ತಿರುವ ಉದ್ದ ಪದಗಳ ನಡುವೆ ಕೈಯಾರೆ ಸಾಫ್ಟ್ ಹೈಫನ್ (ಸಾಲು ಅಲ್ಲಿ ಮುರಿದಾಗ ಮಾತ್ರ ಕಾಣುವ ಅಡ್ಡಗೆರೆ) ಇಡುವುದು. ಅದು ಯಾಕೆಂದರೆ, ತುರ್ತಿಗೆ ಬ್ರೌಸರು ಪದವನ್ನು ತಾನೇ ಕತ್ತರಿಸಿದಾಗ ‘ಸಂಸ್ಥೆ’ಯು ‘ಸಂಸ್’ ಒಂದು ಸಾಲಿಗೆ, ‘ಥೆ’ ಇನ್ನೊಂದು ಸಾಲಿಗೆ ಆಗಬಹುದು. ಒತ್ತಕ್ಷರ ಎಲ್ಲಿ ಸೀಳಬಾರದು ಎಂಬುದು ನಮಗೆ ಗೊತ್ತಿದ್ದಷ್ಟು ಅದಕ್ಕೆ ಗೊತ್ತಿಲ್ಲ. ‘ವರ್ಡ್-ಬ್ರೇಕ್ ಬ್ರೇಕ್-ಆಲ್’ ಅಂತೂ ಕನ್ನಡ ಪುಟದ ಹತ್ತಿರವೂ ಸುಳಿಯಬಾರದು. ಚಿಕ್ಕ ಪದಗಳನ್ನೂ ಸಾಲಿನ ಅಂಚಿನಲ್ಲಿ ಕೊಚ್ಚಿ ಹಾಕುತ್ತದೆ.

ಸಾಲುಗಳ ಎತ್ತರದಲ್ಲೂ ಇದೇ ಕಥೆ. ಇಂಗ್ಲಿಷಿಗೆ 1.5 ಸಾಕು, ಕೆಳಗೆ ಒತ್ತು ಇಳಿಬಿಡುವ ಕನ್ನಡಕ್ಕೆ ನಾನು 1.75 ಇಡುತ್ತೇನೆ, ಶೀರ್ಷಿಕೆಗೆ 1.4ಕ್ಕಿಂತ ಕಡಿಮೆ ಮಾಡುವುದಿಲ್ಲ. ಮಾಮೂಲಿ ಅಕ್ಷರ 1.125 ರೆಮ್, ಅಂದರೆ 18 ಪಿಕ್ಸೆಲ್. ಬಟನ್‌ಗೆ ‘ಹೈಟ್ 40’ ಎಂದು ಕಟ್ಟುಹಾಕಿ ‘ಓವರ್‌ಫ್ಲೋ ಹಿಡನ್’ ಇಟ್ಟರೆ, ಬರಹ ಎರಡನೇ ಸಾಲಿಗೆ ಇಳಿದ ಕೂಡಲೇ ‘ಊಟಕ್ಕೆ’ಯ ಕ ಒತ್ತು ಅರ್ಧ ಮಾಯ. ‘ಮಿನ್-ಹೈಟ್’ 44 ಪಿಕ್ಸೆಲ್ ಕೊಟ್ಟು ಪ್ಯಾಡಿಂಗ್ ಇಡಿ. ಬೆರಳಿಗೂ ಅಷ್ಟು ಜಾಗ ಬೇಕು. ಪಠ್ಯದ ಗರಿಷ್ಠ ಅಗಲಕ್ಕೆ ಇಂಗ್ಲಿಷ್ ಪಾಠಗಳು ಹೇಳುವ 65 ಸಿಎಚ್ ಇಲ್ಲಿ ಹೊಂದದು. ಸಿಎಚ್ ಅಂದರೆ ಸೊನ್ನೆಯ ಅಗಲ, ಕನ್ನಡದ ಅಕ್ಷರಗಳು ಹೆಚ್ಚಾಗಿ ಅದಕ್ಕಿಂತ ಅಗಲ. 36 ಎಮ್ (ಎಮ್ ಎಂದರೆ ಆ ಪಠ್ಯದ ಅಕ್ಷರ ಗಾತ್ರ) ಹಾಕಿ ಕಣ್ಣಳತೆಯಲ್ಲಿ ತಿದ್ದಿಕೊಳ್ಳುವುದೇ ಸಲೀಸು.

ಫಾಂಟಿನ ಬಗ್ಗೆ ನನ್ನ ಅಭಿಪ್ರಾಯ: ಸಣ್ಣ ಸೈಟಿಗೆ ವೆಬ್ ಫಾಂಟ್ (ಪುಟದ ಜೊತೆ ಇಳಿಯುವ ಫಾಂಟ್) ಬೇಡವೇ ಬೇಡ. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ ಸಾನ್ಸ್ ಕನ್ನಡ ಸಾಮಾನ್ಯವಾಗಿ ಇದ್ದೇ ಇರುತ್ತದೆ, ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ, ಆಪಲ್‌ನ ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್. ಹಾಕಲೇಬೇಕೆಂದರೆ ಒಂದೇ ಕುಟುಂಬ, ‘ಫಾಂಟ್-ಡಿಸ್‌ಪ್ಲೇ ಸ್ವಾಪ್’ (ಅದು ಇಳಿಯುವ ತನಕ ಇರುವ ಫಾಂಟಿನಲ್ಲೇ ತೋರಿಸು ಎಂದು). ಫಾಂಟನ್ನು ಕತ್ತರಿಸಿ ಚಿಕ್ಕದು ಮಾಡುವವರು ಯೂನಿಕೋಡಿನ ಕನ್ನಡ ಅಕ್ಷರಗಳ ಬ್ಲಾಕಿನ ಜೊತೆ ಜೋಡಿಸುವ, ಬಿಡಿಸುವ ಎರಡು ಅದೃಶ್ಯ ಚಿಹ್ನೆಗಳನ್ನೂ (ಯೂನಿಕೋಡ್ 200ಡಿ, 200ಸಿ) ಉಳಿಸಿಕೊಳ್ಳಬೇಕು. ‘ರ‍್ಯಾಂಕ್’ನಲ್ಲಿ ರ ಪೂರ್ತಿಯಾಗಿ ನಿಲ್ಲುವುದು, ಅರ್ಕಾವತ್ತಾಗದೆ ಉಳಿಯುವುದು ಆ ಚಿಹ್ನೆಯ ಬಲದಿಂದ.

ದರಪಟ್ಟಿ ಎಂದರೆ ಟೇಬಲ್ಲು. ಪದಾರ್ಥ, ಹಾಫ್, ಫುಲ್, ಪಾರ್ಸೆಲ್ ಎಂದು ನಾಲ್ಕು ಕಾಲಮ್ ಇದ್ದರೆ 320ರಲ್ಲಿ ಹಿಡಿಸುವುದು ಕಷ್ಟ. ಟೇಬಲ್ಲನ್ನು ಒಂದು ಡಿವ್ ಒಳಗಿಟ್ಟು ಆ ಡಿವ್‌ಗೆ ‘ಓವರ್‌ಫ್ಲೋ-ಎಕ್ಸ್ ಆಟೋ’ ಕೊಡಿ; ಪುಟ ನಿಂತೇ ಇರುತ್ತದೆ, ಪಟ್ಟಿ ಮಾತ್ರ ಜಾರುತ್ತದೆ. ಇಲ್ಲಿ ‘ಓವರ್‌ಫ್ಲೋ-ರ‍್ಯಾಪ್’ಗೆ ‘ಎನಿವೇರ್’ ಎಂಬ ಬೆಲೆ ಕೊಟ್ಟರೆ ಬ್ರೌಸರು ಕಾಲಮ್ಮನ್ನು ಒಂದಕ್ಷರದ ಅಗಲಕ್ಕೂ ಹಿಂಡಬಹುದು ಎಂದುಕೊಳ್ಳುತ್ತದೆ, ‘ಎಣ್ಣೆಗಾಯಿ’ ಮೇಲಿನಿಂದ ಕೆಳಕ್ಕೆ ಓದುವಂತಾಗುತ್ತದೆ. ಬ್ರೇಕ್-ವರ್ಡ್ ಆರಿಸಿಕೊಂಡದ್ದು ಇದಕ್ಕೇ.

ಮೂರು ಲಿಂಕಿಗೆ ಹ್ಯಾಂಬರ್ಗರ್ ಮೆನು (ಮೂರು ಗೆರೆ ಒತ್ತಿದರೆ ತೆರೆಯುವ ಪಟ್ಟಿ) ಬರೀ ಶೋಕಿ. ‘ಫ್ಲೆಕ್ಸ್-ರ‍್ಯಾಪ್’ ಕೊಟ್ಟು ಬಿಟ್ಟರೆ ಜಾಗವಿಲ್ಲದಾಗ ತಾವೇ ಎರಡನೇ ಸಾಲಿಗೆ ಇಳಿಯುತ್ತವೆ. ಇರುವ ಒಂದು ಮೀಡಿಯಾ ಕ್ವೆರಿ 48 ಎಮ್ (ಮಾಮೂಲಿಯಾಗಿ 768 ಪಿಕ್ಸೆಲ್) ಅಗಲದಿಂದ ಮೇಲಕ್ಕೆ, ವಿಳಾಸ ಮತ್ತು ಫಾರ್ಮನ್ನು ಅಕ್ಕಪಕ್ಕ ಕೂರಿಸಲು. ಆ ಫಾರ್ಮಿನಲ್ಲೊಂದು ಹುಳುಕಿದೆ: ಇನ್‌ಪುಟ್‌ಗಳು ಪುಟದ ಅಕ್ಷರ ಗಾತ್ರವನ್ನು ತಾವಾಗಿ ಪಡೆಯುವುದಿಲ್ಲ, 13 ಚಿಲ್ಲರೆ ಪಿಕ್ಸೆಲ್‌ನಲ್ಲೇ ಇರುತ್ತವೆ. 16ಕ್ಕಿಂತ ಕಡಿಮೆ ಇದ್ದರೆ ಐಫೋನಿನ ಸಫಾರಿ ಮುಟ್ಟಿದ ತಕ್ಷಣ ಪುಟವನ್ನು ಹಿಗ್ಗಿಸಿಬಿಡುತ್ತದೆ. ‘ಫಾಂಟ್ ಇನ್‌ಹೆರಿಟ್’ ಎಂಬ ಒಂದು ಸಾಲಿಗೆ ಅದು ಸರಿ ಹೋಗುತ್ತದೆ.

ಇಷ್ಟಾದ ಮೇಲೂ ಪುಟ ಅಡ್ಡ ಜಾರಿದರೆ, ‘ಓವರ್‌ಫ್ಲೋ-ಎಕ್ಸ್ ಹಿಡನ್’ ಹೊದಿಸಿ ಮುಚ್ಚಿಡಬೇಡಿ. ಹೊರಗಿನ ಡಿವ್‌ಗೆ ಅದನ್ನು ಹಾಕಿದರೆ ಒಳಗಿನ ಸ್ಟಿಕಿ ಹೆಡರ್ (ಪುಟ ಜಾರಿಸಿದರೂ ಮೇಲೇ ನಿಲ್ಲುವ ತಲೆಪಟ್ಟಿ) ಅಂಟುವುದೇ ನಿಂತುಹೋಗುತ್ತದೆ. ಎಲ್ಲ ಎಲಿಮೆಂಟಿಗೂ ತಾತ್ಕಾಲಿಕವಾಗಿ 1 ಪಿಕ್ಸೆಲ್ ಕೆಂಪು ‘ಔಟ್‌ಲೈನ್’ ಎಳೆಯಿರಿ. ಬಲಕ್ಕೆ ಚಾಚಿದ ಪೆಟ್ಟಿಗೆ ತಾನೇ ಸಿಕ್ಕಿಬೀಳುತ್ತದೆ. ಬಾರ್ಡರ್ ಬೇಡ, ಅದು ಜಾಗ ತಿಂದು ಅಳತೆಯನ್ನೇ ಬದಲಿಸುತ್ತದೆ. ‘100 ವಿಡಬ್ಲ್ಯೂ’ ಅಗಲ ಕೊಟ್ಟ ಪಟ್ಟಿಗಳನ್ನು ಮೊದಲು ಶಂಕಿಸಿ: ಆ ಲೆಕ್ಕದಲ್ಲಿ ಸ್ಕ್ರಾಲ್‌ಬಾರಿನ ಅಗಲವೂ ಸೇರಿರುತ್ತದೆ, ಹಾಗಾಗಿ ವಿಂಡೋಸ್‌ನಲ್ಲಿ ಅಷ್ಟು ಹೊರಗೆ ಚಾಚುತ್ತದೆ.

ಲ್ಯಾಪ್‌ಟಾಪಿನ ಡಿವೈಸ್ ಮೋಡ್ (ಕಂಟ್ರೋಲ್-ಶಿಫ್ಟ್-ಎಂ ಒತ್ತಿದಾಗ ಬರುವ ನೋಟ) ಅಗಲ, ಸ್ಪರ್ಶದಂಥವನ್ನಷ್ಟೇ ನಟಿಸುತ್ತದೆ, ಫಾಂಟು ಲ್ಯಾಪ್‌ಟಾಪಿನದ್ದೇ. ಹಾಗಾಗಿ ಫೋನಿನಲ್ಲಿ ನೋಡಲೇಬೇಕು. ಎರಡೂ ಒಂದೇ ವೈಫೈನಲ್ಲಿರಲಿ. ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ‘ಪೈಥಾನ್ -ಎಂ ಎಚ್‌ಟಿಟಿಪಿ.ಸರ್ವರ್ 8000’ ಕೊಟ್ಟು, ಫೋನಿನ ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ, ಕೋಲನ್, 8000 ಹೊಡೆಯಿರಿ. ತೆರೆಯದಿದ್ದರೆ ಫೈರ್‌ವಾಲ್ ತಡೆದಿರುತ್ತದೆ; ತೆರೆದರೂ ಬದಲಾವಣೆ ಕಾಣದಿದ್ದರೆ ಫೋನು ಹಳೆಯ ಸಿಎಸ್‌ಎಸ್ ಹಿಡಿದುಕೊಂಡಿರುತ್ತದೆ, ಫೈಲಿನ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು ‘ವಿ=2’ ಸೇರಿಸಿ. ಕೊನೆಗೆ ಲ್ಯಾಪ್‌ಟಾಪಿನಲ್ಲಿ ಕಿಟಕಿಯನ್ನು 1280 ಅಗಲಕ್ಕಿಟ್ಟು 400% ಝೂಮ್ ಮಾಡಿ. ಅದು ಮತ್ತೆ 320ಕ್ಕೇ ಸಮ. ದರಪಟ್ಟಿ ಬಿಟ್ಟು ಬೇರೇನೂ ಅಡ್ಡ ಜಾರದಿದ್ದರೆ ಸರ್ವರಿಗೆ ಏರಿಸಬಹುದು.