ಗಡ್ಡೆ ನೋಡುವ ಮೊದಲು ಲಿಂಫೋಸೈಟ್ ನೋಡಿ

ನಾನು ಪೆಥಾಲಜಿಸ್ಟ್, ಅಂದರೆ ದೇಹದಿಂದ ತೆಗೆದ ಚೂರುಗಳನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ ರೋಗ ಹೇಳುವ ಡಾಕ್ಟರ್. ದೊಡ್ಡ ಕರುಳಿನ ಕ್ಯಾನ್ಸರ್ ಬಂದರೆ ನಾಲ್ಕು ಪ್ರೋಟೀನ್‌ಗಳಿಗೆ ಸ್ಟೇನ್ (ಬಣ್ಣ) ಹಾಕಿಸುತ್ತೇನೆ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವುದು ಇವೇ. ಪ್ರೋಟೀನ್ ಇದ್ದರೆ ನ್ಯೂಕ್ಲಿಯಸ್ ಕಂದು, ಇಲ್ಲದಿದ್ದರೆ ಬರೀ ನೀಲಿ.

ಕೆಲವು ವರ್ಷಗಳ ಹಿಂದೆ ನಲವತ್ತು ದಾಟಿದ ಒಬ್ಬರ ಸ್ಲೈಡ್ ಬಂತು. ಎಂಎಲ್‌ಎಚ್1 ಪೂರ್ತಿ ನೀಲಿ. 'ಲಾಸ್', ಅಂದರೆ ಗಡ್ಡೆ ಈ ಪ್ರೋಟೀನ್ ಕಳೆದುಕೊಂಡಿದೆ ಅಂತ ಬರೆಯಲು ಪೆನ್ ತೆಗೆದಿದ್ದೆ. ಪಕ್ಕದ ಲಿಂಫೋಸೈಟ್‌ಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ನೋಡಿದರೆ ಅವೂ ನೀಲಿ! ಅವು ರೋಗಿಯ ಸಾಮಾನ್ಯ ಜೀವಕೋಶಗಳು, ಕಂದು ಆಗಲೇಬೇಕು. ಆಗಿಲ್ಲ ಅಂದರೆ ಸ್ಟೇನೇ ಹಿಡಿದಿಲ್ಲ ಅಂತ ಅರ್ಥ. ವಿಚಾರಿಸಿದೆ. ಕರುಳನ್ನು ಸೀಳದೆ, ಸಣ್ಣ ಡಬ್ಬಿಯಲ್ಲಿ ತುರುಕಿ, ಮೇಲೆ ಸ್ವಲ್ಪ ಫಾರ್ಮಲಿನ್ (ಚೂರು ಕೆಡದಂತೆ ಕಾಯುವ ದ್ರವ) ಸುರಿದು ಕಳಿಸಿದ್ದರು. ಒಳಗೆ ಫಾರ್ಮಲಿನ್ ಇಳಿದೇ ಇರಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬಂತು.

ಆಪರೇಷನ್‌ಗೆ ಮುಂಚೆ ಕೊಲೊನೋಸ್ಕೋಪಿಯಲ್ಲಿ ತೆಗೆದ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಚೂರು) ತರಿಸಿದೆ. ಚಿಕ್ಕ ಚೂರು, ಫಾರ್ಮಲಿನ್ ಬೇಗ ಹಿಡಿಯುತ್ತದೆ. ಈ ಸಲ ಲಿಂಫೋಸೈಟ್ ಕಂದು, ಸಾಮಾನ್ಯ ಗ್ರಂಥಿ ಕಂದು, ಗಡ್ಡೆಯ ಗ್ರಂಥಿ ಮಾತ್ರ ನೀಲಿ. ಪಿಎಂಎಸ್2 ಕೂಡ ಇಲ್ಲ. ಅದು ಎಂಎಲ್‌ಎಚ್1 ಜೋಡಿ, ಒಂಟಿಯಾಗಿ ಉಳಿಯುವುದಿಲ್ಲ. ಈಗ ಧೈರ್ಯವಾಗಿ ಬರೆದೆ.

ಕಳೆದುಕೊಂಡಿದೆ ಅಂದರೆ ಕೆಟ್ಟ ಸುದ್ದಿ ಅಂತ ರೋಗಿಗಳು ಹೆದರುತ್ತಾರೆ. ಏನು ಕಳೆದಿದೆ ಅನ್ನುವುದು ಮುಖ್ಯ. 18ನೇ ಕ್ರೋಮೋಸೋಮ್‌ನ ಉದ್ದ ತೋಳು ಕಳೆದುಕೊಂಡ ಗಡ್ಡೆಯವರು ಬದುಕಿ ಉಳಿಯುವ ಸಾಧ್ಯತೆ ಕಡಿಮೆ ಅಂತ 1994ರ ಒಂದು ಅಧ್ಯಯನ ತೋರಿಸಿತ್ತು. ಎರಡನೇ ಹಂತದವರ (ಲಿಂಫ್ ಗ್ರಂಥಿಗೆ ಹರಡದವರ) ಗತಿ ಮೂರನೇ ಹಂತದವರಂತೆ (ಹರಡಿದವರಂತೆ) ಆಗಿತ್ತು. ಆದರೆ ತಿದ್ದುವ ಪ್ರೋಟೀನ್ ಕಳೆದುಕೊಂಡ ಎರಡನೇ ಹಂತದ ಗಡ್ಡೆ ಹಾಗಲ್ಲ. ತಪ್ಪುಗಳು ಗುಡ್ಡೆಯಾಗುವುದರಿಂದ ದೇಹದ ರಕ್ಷಣಾ ಪಡೆ ಅದನ್ನು ಬೇಗ ಗುರುತಿಸುತ್ತದೆ. ಮತ್ತೆ ಬರುವುದು ಕಡಿಮೆ. 5-ಎಫ್‌ಯು ಅನ್ನುವ ಕೀಮೋ ಔಷಧಿ ಒಂದನ್ನೇ ಕೊಟ್ಟು ಉಪಯೋಗವೂ ಇಲ್ಲ. ಇವರದೂ ಎರಡನೇ ಹಂತವೇ. ಕೀಮೋ ಬೇಡ ಅಂದರು ಆಂಕಾಲಜಿಸ್ಟ್.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಬ್ರ್ಯಾಫ್ ಅನ್ನುವ ಜೀನ್‌ನಲ್ಲಿ ಬದಲಾವಣೆ ಇರಲಿಲ್ಲ, ಎಂಎಲ್‌ಎಚ್1 ಮಿಥೈಲೇಷನ್ನೂ (ರಾಸಾಯನಿಕ ಗುರುತು ಬಿದ್ದು ಜೀನ್ ಮುಚ್ಚಿಹೋಗುವುದು) ಇರಲಿಲ್ಲ. ಇವು ಇದ್ದಿದ್ದರೆ ಸಾಮಾನ್ಯವಾಗಿ ಗಡ್ಡೆಯಲ್ಲಷ್ಟೇ ಆದ ಬದಲಾವಣೆ ಅನ್ನಬಹುದಿತ್ತು. ಹಾಗಾದರೆ ವಂಶದಲ್ಲೇ ಬಂದಿರಬಹುದು, ಅಲ್ವಾ? ರಕ್ತ ಪರೀಕ್ಷೆಯಲ್ಲಿ ಲಿಂಚ್ ಸಿಂಡ್ರೋಮ್ (ಕರುಳಿನ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ, ವಂಶದಲ್ಲಿ ಬರುವ ತೊಂದರೆ) ಖಚಿತವಾಯಿತು. ತಂಗಿಯನ್ನೂ ಪರೀಕ್ಷೆಗೆ ಕರೆಸಿದರು, ಅವರಿಗೂ ಅದೇ ಜೀನ್ ಬದಲಾವಣೆ. ಕೊಲೊನೋಸ್ಕೋಪಿಯಲ್ಲಿ ಒಂದು ಪಾಲಿಪ್ ಸಿಕ್ಕಿತು, ತೆಗೆದರು. ಆ ಸ್ಲೈಡ್ ನನ್ನ ಟೇಬಲ್‌ಗೇ ಬಂತು. ಎರಡು ಸಲ ನೋಡಿದೆ. ಕ್ಯಾನ್ಸರ್ ಇರಲಿಲ್ಲ.